ಕೋವಿಗೆ ಯಾವ ಎಣ್ಣೆ?

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಿಗೆ ಚುನಾವಣೆ ಬಂತು ಅಂತ ಗೊತ್ತಾಗುವುದು ಭಾಷಣದಿಂದಲ್ಲ, ಕೋವಿಯಿಂದ! ದಿನಾಂಕ ಘೋಷಣೆಯಾದ ಕೂಡಲೇ ಪರವಾನಗಿ ಇರುವವರು ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಠಾಣೆಗೆ ಹೋಗಿ ಒಪ್ಪಿಸಿ ಬರಬೇಕು. ವಿನಾಯಿತಿ ಬೇಕು ಅಂತ ಅರ್ಜಿ ಹಾಕಬಹುದು, ಅದನ್ನು ನೋಡಲಿಕ್ಕೆ ಜಿಲ್ಲಾ ಮಟ್ಟದಲ್ಲಿ ಸಮಿತಿ ಇದೆ. ಸಿಕ್ಕಿದವರಿಗೆ ಸಿಕ್ಕಿತು, ಉಳಿದವರದ್ದು ಠಾಣೆಯಲ್ಲಿ.

2024ರ ಲೋಕಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. ನೀತಿ ಸಂಹಿತೆ ಶುರುವಾದದ್ದು ಮಾರ್ಚ್ 16ಕ್ಕೆ. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ, ಸಂಹಿತೆ ಮುಗಿದದ್ದು ಜೂನ್ 6ಕ್ಕೆ. ಲೆಕ್ಕ ಹಾಕಿದರೆ 82 ದಿನ. ಹೋಗುವಾಗ ಬಿರುಬೇಸಗೆ, ಬರುವಾಗ ಮಳೆ. ವಾಪಸ್ಸು ಬಂದ ಕೋವಿಯ ನಳಿಗೆಯೊಳಗೆ ಇಣುಕಿ ನೋಡಿದವರು ಹೇಳುವ ಮಾತು ಪ್ರತಿ ಸಲವೂ ಒಂದೇ: "ಅಲ್ಲಿಟ್ಟು ತುಕ್ಕು ಹಿಡಿಸಿದ್ರು ಮಾರಾಯ್ರೆ!"

ಆಮೇಲೆ ಶುರುವಾಗುತ್ತದೆ ಎಣ್ಣೆಯ ಚರ್ಚೆ. ಒಬ್ಬರು ತೆಂಗಿನೆಣ್ಣೆಯೇ ಸಾಕು ಅಂತಾರೆ. ಇನ್ನೊಬ್ಬರು ಹೊಲಿಗೆ ಮೆಷಿನಿನ ಎಣ್ಣೆ ಅಂತಾರೆ. ಮಿಲಿಟರಿಯಿಂದ ಬಂದವರು ಇದ್ದರೆ ಅವರದ್ದೇ ಒಂದು ಲೆಕ್ಕ. ಪೇಟೆಯ ಅಂಗಡಿಯಿಂದ ಸ್ಪ್ರೇ ಡಬ್ಬಿ ತಂದವರದ್ದು ಮತ್ತೊಂದು. ನಮ್ಮ ದೊಡ್ಡಪ್ಪನ ಜಗಲಿಯಲ್ಲಿ ಈ ಚರ್ಚೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕುತೂಹಲಕ್ಕೆ ಒಂದಷ್ಟು ಓದುತ್ತಾ ಹೋದಾಗ ಗೊತ್ತಾಯಿತು, ಈ ನಾಲ್ಕೂ ಉತ್ತರಗಳು ನಾಲ್ಕು ಬೇರೆ ಬೇರೆ ಕಾಲಕ್ಕೆ ಸೇರಿದವು. ಕೋವಿ ಬದಲಾದ ಹಾಗೆ ಮದ್ದು ಬದಲಾಯಿತು, ಮದ್ದು ಬದಲಾದ ಹಾಗೆ ಎಣ್ಣೆ ಬದಲಾಯಿತು. ನಮ್ಮ ಊರಿನ ವಿಶೇಷ ಏನೆಂದರೆ ಇಲ್ಲಿ ಎಲ್ಲ ಕಾಲದ ಕೋವಿಗಳೂ ಒಟ್ಟಿಗೇ ಬದುಕಿವೆ.

ಅದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ, ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ವಿಷಯ ಹೆಸರು ಹಿಡಿದೇ ಬರುತ್ತದೆ. ಬೇರೆ ದೇಶಗಳಲ್ಲಿ ವಸ್ತುಸಂಗ್ರಹಾಲಯ ಸೇರಿದ ತಂತ್ರಜ್ಞಾನ ನಮ್ಮಲ್ಲಿ ಅಡಿಕೆ ತೋಟದ ಕೆಲಸದ ಸಾಮಾನು. ಮಂಗ, ಕಾಡುಹಂದಿಗಳನ್ನು ಬೆದರಿಸಲು ಒಂದು ಶಬ್ದ ಸಾಕು. (ಅಂದ ಹಾಗೆ, ಕೋವಿಗೆ ಪರವಾನಗಿ ಇದ್ದರೆ ಬೇಟೆಗೆ ಪರವಾನಗಿ ಇದೆ ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ!) ಹಾಗಾಗಿ ಅಜ್ಜನ ಕಾಲದ ಕೇಪಿನ ಕೋವಿ ಒಂದು ಮನೆಯಲ್ಲಿದ್ದರೆ ಪಕ್ಕದ ಮನೆಯಲ್ಲಿ ತೋಟೆ ಕೋವಿ. ಇವೆರಡಕ್ಕೂ ಒಂದೇ ಆರೈಕೆ ಮಾಡಿದರೆ ಎಡವಟ್ಟಾಗುವುದು ಅಲ್ಲೇ.

ಇರಲಿ, ಮೊದಲಿನಿಂದ ಬರೋಣ.

ಕರಿಮದ್ದು ಅಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನ ರೂಪದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂನ ಬಗೆಬಗೆಯ ಲವಣಗಳಾಗಿ. ಸ್ವಲ್ಪ ಹೊಗೆಯ ಜೊತೆ ಹೊರಗೆ ಹಾರುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಈ ಮಸಿ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀರಲ್ಲ, ಅದೇ ಕಥೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಊರಿನಲ್ಲಿ ಕಬ್ಬಿಣದ ಮೈಗೆ ಒದ್ದೆ ಉಪ್ಪು ಸವರಿ ಇಟ್ಟ ಹಾಗೆ.

ನಮ್ಮ ಊರಿನ ಚರಿತ್ರೆಯಲ್ಲಿ ಕೋವಿ ದೊಡ್ಡದಾಗಿ ಕಾಣಿಸಿಕೊಳ್ಳುವುದು 1837ರಲ್ಲಿ. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಕಂಪೆನಿಯವರು ಇಳಿಸಿದ ಮೇಲೆ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಮಂಗಳೂರಿಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಿ ಅಂದರು. ಸಿಟ್ಟೆದ್ದ ರೈತರು ಕಲ್ಯಾಣಸ್ವಾಮಿ, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ಕ್ಕೆ ಮಂಗಳೂರಿನಲ್ಲಿ ತಮ್ಮ ಬಾವುಟ ಹಾರಿಸಿದರು. ಸುಮಾರು 13 ದಿನ ಊರು ಅವರ ಕೈಯಲ್ಲಿತ್ತು. ಆ ಜಾಗವನ್ನು ಇವತ್ತಿಗೂ ಬಾವುಟಗುಡ್ಡೆ ಅಂತಲೇ ಕರೆಯುತ್ತೇವೆ. ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅಲ್ಲಿ ಅನಾವರಣವಾದದ್ದು 2022ರಲ್ಲಿ.

ಆ ಕಾಲದ ಕಂಪೆನಿ ಸಿಪಾಯಿಯ ಕೈಯಲ್ಲಿದ್ದದ್ದು 'ಬ್ರೌನ್ ಬೆಸ್' ಅನ್ನುವ ಚಕಮಕಿ ಕಲ್ಲಿನ ಕೋವಿ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ, ಹೊರಗಿನ ಪುಟ್ಟ ತಟ್ಟೆಯಲ್ಲಿರುವ ಮದ್ದಿಗೆ ತಾಗಬೇಕು. ಇಂಥ ಕೋವಿಯಲ್ಲಿ ಎಣ್ಣೆ ಮಿತ್ರನೂ ಹೌದು, ಶತ್ರುವೂ ಹೌದು. ಸ್ಪ್ರಿಂಗು, ಕೀಲುಗಳಿಗೆ ಎಣ್ಣೆ ಬೇಕೇ ಬೇಕು. ಆದರೆ ಅದು ಹರಿದು ತಟ್ಟೆಗೋ ಕಲ್ಲಿಗೋ ತಾಗಿದರೆ ಕಿಡಿಯೂ ಇಲ್ಲ, ಢಂ ಅನ್ನುವುದೂ ಇಲ್ಲ. "ಹೆಚ್ಚು ಎಣ್ಣೆ ಹಾಕಿದಷ್ಟೂ ಒಳ್ಳೆಯದು" ಅನ್ನುವ ನಂಬಿಕೆ ಅಂದೇ ಸುಳ್ಳಾಗಿತ್ತು.

ಇಪ್ಪತ್ತು ವರ್ಷ ಬಿಟ್ಟು ಉತ್ತರ ಭಾರತದಲ್ಲಿ ಏನಾಯಿತು ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆದರೆ 1857ರ ಕಾಡತೂಸಿಗೆ ಕೊಬ್ಬು ಯಾಕೆ ಬೇಕಾಗಿತ್ತು ಅಂತ ಪಾಠದಲ್ಲಿ ಇರಲಿಲ್ಲ, ಅಲ್ವಾ? ಹೊಸ ಎನ್‌ಫೀಲ್ಡ್ ಕೋವಿಯ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿದ್ದವು. ಗುಂಡು ಬಿಗಿಯಾಗಿ ಕೂರಬೇಕು, ಆದರೆ ಕರಿಮದ್ದಿನ ಮಸಿ ನಾಲ್ಕಾರು ಸುತ್ತಿನಲ್ಲೇ ಗಟ್ಟಿಯಾಗಿ ಗುಂಡು ಇಳಿಯಲಿಕ್ಕೆ ಬಿಡುವುದಿಲ್ಲ. ಆ ಮಸಿಯನ್ನು ಮೆದುವಾಗಿ ಇಡಲಿಕ್ಕೆ ಜಿಡ್ಡು ಬೇಕು. ಅದಕ್ಕಾಗಿ ಕಾಡತೂಸಿನ ಕಾಗದಕ್ಕೇ ಕೊಬ್ಬು ಸವರುತ್ತಿದ್ದರು. ಆ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಅದು ದನದ್ದೋ ಹಂದಿಯದ್ದೋ ಅನ್ನುವ ಸಂಶಯ ಹಬ್ಬಿದ ಮೇಲೆ, ಜನವರಿ ಕೊನೆಯಲ್ಲಿ ಸರಕಾರ, ಜಿಡ್ಡನ್ನು ಸಿಪಾಯಿಗಳೇ ತಮಗೆ ಒಪ್ಪಿಗೆಯಾದ ಸಾಮಾನಿನಿಂದ ಮಾಡಿಕೊಳ್ಳಲಿ ಅಂತ ಅನುಮತಿ ಕೊಟ್ಟಿತು. ಆದರೆ ಆಗಲೇ ತಡವಾಗಿತ್ತು. ಮಾರ್ಚ್ 29ಕ್ಕೆ ಬಾರಕ್‌ಪುರದಲ್ಲಿ ಮಂಗಲ ಪಾಂಡೆ. ಮೇ 9ಕ್ಕೆ ಮೀರತ್‌ನಲ್ಲಿ ಕಾಡತೂಸು ಮುಟ್ಟದ 85 ಸವಾರರಿಗೆ ಬೇಡಿ, ಮರುದಿನ ದಂಗೆ. ಬೇರೆ ಕಾರಣಗಳು ನೂರಿದ್ದವು, ಆದರೆ ಬೆಂಕಿಕಡ್ಡಿ ಗೀರಿದ್ದು ಒಂದು ಜಿಡ್ಡಿನ ಪ್ರಶ್ನೆ! ಕೋವಿಗೆ ಯಾವ ಜಿಡ್ಡು ಅನ್ನುವುದಕ್ಕೆ ಸಾಮ್ರಾಜ್ಯವನ್ನೇ ಅಲ್ಲಾಡಿಸುವ ಶಕ್ತಿ ಇತ್ತು.

ಚಕಮಕಿ ಕಲ್ಲಿನ ಜಾಗಕ್ಕೆ ಬಂದದ್ದು ಕೇಪು. ತಾಮ್ರದ ಪುಟ್ಟ ಟೊಪ್ಪಿಯೊಳಗೆ ಪೆಟ್ಟು ಬಿದ್ದರೆ ಸಿಡಿಯುವ ಮದ್ದು. ಮಳೆ ಹನಿಗೂ ಅಷ್ಟು ಸುಲಭಕ್ಕೆ ಹೆದರುವುದಿಲ್ಲ, ಅದಕ್ಕೇ ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅದು ಒಂದು ಹೊಸ ಕಳ್ಳನನ್ನು ಒಳಗೆ ತಂದಿತು. ಹಳೆ ಬಗೆಯ ಕೇಪಿನ ಮಿಶ್ರಣದಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಅಡುಗೆ ಉಪ್ಪಿನ ಖಾಸಾ ಚಿಕ್ಕಪ್ಪನ ಮಗ ಅನ್ನಬಹುದು. ಆ ಉಪ್ಪು ಕಣ್ಣಿಗೆ ಕಾಣುವುದಿಲ್ಲ. ನಳಿಗೆ ಹೊಳೆಯುತ್ತಿದ್ದರೂ ಉಪ್ಪು ಇರುತ್ತದೆ.

ಈಗ ಮುಖ್ಯ ವಿಷಯ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಒಗ್ಗರಣೆ ಸೌಟಿನ ಎಣ್ಣೆಗೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಎಷ್ಟು ಕಲಸಿದರೂ ತಳದಲ್ಲಿ ಹಾಗೇ ಕೂತಿರುತ್ತದೆ. ಸೀಮೆಎಣ್ಣೆಯಲ್ಲೂ ಅಷ್ಟೇ. ಮಸಿ, ಜಿಡ್ಡು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಉಪ್ಪನ್ನು ಕರಗಿಸುವುದು ನೀರು ಮಾತ್ರ. ಆದ್ದರಿಂದ ಕೇಪಿನ ಕೋವಿಯ ನಳಿಗೆಗೆ ಜಗತ್ತಿನ ಅತಿ ದುಬಾರಿ ಎಣ್ಣೆ ಹಾಕಿದರೂ, ಅದರ ಅಡಿಯಲ್ಲಿ ಉಪ್ಪು ಇದ್ದರೆ ನೀವು ಮಾಡಿದ್ದು ಇಷ್ಟೇ: ಕಳ್ಳನನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದ್ದು!

ಇದನ್ನು ಬ್ರಿಟಿಷ್ ಸೈನ್ಯ ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಲೀ-ಎನ್‌ಫೀಲ್ಡ್ .303 ಕೋವಿಯ ಜೊತೆ ಕುದಿಯುವ ನೀರನ್ನು ನಳಿಗೆಗೆ ಹೊಯ್ಯಲಿಕ್ಕೆಂದೇ ಒಂದು ಲಾಳಿಕೆ ಇತ್ತು. ಹಿಡಿಯ ಹಿಂಭಾಗದ ಗೂಡಿನಲ್ಲಿ ಎಣ್ಣೆಯ ಪುಟ್ಟ ಹಿತ್ತಾಳೆ ಕುಪ್ಪಿ, ತೂಕದ ಗುಂಡು ಕಟ್ಟಿದ ಹುರಿ, ಬಟ್ಟೆ ಚೂರು. ಮೊದಲು ನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಕುದಿಯುವ ನೀರೇ ಯಾಕೆ ಅಂದರೆ, ಅದರಿಂದ ಬಿಸಿಯಾದ ಉಕ್ಕು ತಾನೇ ಬೇಗ ಒಣಗುತ್ತದೆ. ನಮ್ಮ ಕಡೆ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹಳಬರು ಕೋವಿಗೆ ಬಿಸಿನೀರು ಹೊಯ್ಯುವುದನ್ನು ಕಂಡು "ಕಬ್ಬಿಣಕ್ಕೆ ನೀರು ಹಾಕ್ತಾರಲ್ಲ, ಇವರಿಗೇನು ಮರುಳಾ?" ಅಂದವರೂ ಇದ್ದಾರೆ. ಮರುಳಲ್ಲ, ರಸಾಯನಶಾಸ್ತ್ರ.

ಆ ಕುಪ್ಪಿಯಲ್ಲಿದ್ದ ಎಣ್ಣೆ ಯಾವುದು ಗೊತ್ತಾ? ಬಹುಕಾಲ 'ರಂಗೂನ್ ಎಣ್ಣೆ'. ಬರ್ಮಾದ ಬಾವಿಗಳಿಂದ ತೆಗೆದ ಕಲ್ಲೆಣ್ಣೆಯಿಂದ ಮಾಡಿದ್ದು. ರಂಗೂನ್ ಆಯಿಲ್ ಕಂಪೆನಿ ಹುಟ್ಟಿದ್ದು 1871ರಲ್ಲಿ, 1886ರಲ್ಲಿ ಅದು ಬರ್ಮಾ ಆಯಿಲ್ ಆಯಿತು. ಅದಕ್ಕಿಂತ ಮೊದಲು ಪಾಶ್ಚಾತ್ಯರು ಗಡಿಯಾರಕ್ಕೂ ಕೋವಿಯ ಕೀಲಿಗೂ ಹಾಕುತ್ತಿದ್ದದ್ದು ತಿಮಿಂಗಿಲದ ತಲೆಯಿಂದ ತೆಗೆದ ಎಣ್ಣೆ. ಕಲ್ಲೆಣ್ಣೆ ಗೆದ್ದದ್ದಕ್ಕೆ ಒಂದೇ ಕಾರಣ. ಅದು ಹಳಸುವುದಿಲ್ಲ, ಅಂಟಾಗುವುದಿಲ್ಲ.

ಹಾಗಾದರೆ ನಮ್ಮ ತೆಂಗಿನೆಣ್ಣೆ? ಅದನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಗುಣವನ್ನು ಅಯೋಡಿನ್ ಸಂಖ್ಯೆಯಿಂದ ಅಂದಾಜು ಮಾಡುತ್ತಾರೆ. ಸಂಖ್ಯೆ ಹೆಚ್ಚಿದ್ದಷ್ಟೂ ಬೇಗ ಒಣಗುತ್ತದೆ. ಅಗಸೆ ಎಣ್ಣೆಗೆ ಅದು ಹೆಚ್ಚುಕಡಿಮೆ 170ರಿಂದ 200. ಹಾಗಾಗಿ ಅದು ಕೋವಿಯ ಮರದ ಹಿಡಿಗೆ ಸರಿ, ಕಬ್ಬಿಣದ ಕೀಲಿಗೆ ಅಲ್ಲ. ಎಳ್ಳೆಣ್ಣೆಗೆ 104ರಿಂದ 120. ಹರಳೆಣ್ಣೆಗೆ 82ರಿಂದ 90. ತೆಂಗಿನೆಣ್ಣೆಗೆ ಬರೀ 6ರಿಂದ 11! ಮನೆಯಲ್ಲಿ ಸಿಗುವ ಎಣ್ಣೆಗಳಲ್ಲಿ ಅಂಟಾಗದೆ ಇರುವುದು ಅದೇ. ನಮ್ಮ ಅಜ್ಜಂದಿರು ಪ್ರಯೋಗಾಲಯ ಇಲ್ಲದೆಯೇ ಸರಿಯಾದದ್ದನ್ನೇ ಆರಿಸಿದ್ದರು.

ಆದರೆ ಎರಡು ತೊಡಕು. ಒಂದು, ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಸುಳ್ಯದ ಯಾವುದೇ ಬಚ್ಚಲುಮನೆಯ ಎಣ್ಣೆ ಕುಪ್ಪಿ ನೋಡಿ. ಕೋವಿಯ ಕೀಲಿನೊಳಗೂ ಅದೇ ಆಗುತ್ತದೆ. ಎರಡು, ಅದು ಹಳಸುತ್ತಾ ಹೋದಂತೆ ಆಮ್ಲ ಬಿಡುತ್ತದೆ. ದೇವರ ಕೋಣೆಯ ಹಿತ್ತಾಳೆ ಕಾಲುದೀಪದಲ್ಲಿ ಎಣ್ಣೆ ಉಳಿದರೆ ಹಸಿರು ಕಿಲುಬು ಕಟ್ಟುತ್ತದಲ್ಲ, ಅದು ಇದರದ್ದೇ ಕೆಲಸ. ಅಜ್ಜಂದಿರಿಗೆ ಇದು ದೊಡ್ಡ ತೊಂದರೆಯಾಗಿರಲಿಕ್ಕಿಲ್ಲ. ಯಾಕೆಂದರೆ ಕೋವಿ ಕೈಯಳತೆಯಲ್ಲೇ ಇತ್ತು, ವಾರಕ್ಕೊಮ್ಮೆ ಒರೆಸಿ ಹೊಸ ಎಣ್ಣೆ ಸವರಬಹುದಿತ್ತು. 82 ದಿನ ಮುಟ್ಟದೆ ಇಡಬೇಕಾದ ಕೋವಿಗೆ ಅದೇ ಎಣ್ಣೆ ಸಾಲುವುದಿಲ್ಲ.

ಕೋವಿಯನ್ನು ಕಾಲ ನೋಡಿ ಎತ್ತಿಡುವ ಪದ್ಧತಿ ಪಕ್ಕದ ಕೊಡಗಿನಲ್ಲಿ ಚೆನ್ನಾಗಿ ಉಳಿದಿದೆ. ಗದ್ದೆ ಕೆಲಸದ ದಿನಗಳಲ್ಲಿ ಒಳಗಿದ್ದ ಆಯುಧ, ನಾಟಿ ಮುಗಿದು ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಯಾಗಿ, ತೋಕ್ ಪೂ ಮುಡಿದು ಹೊರಗೆ ಬರುತ್ತದೆ. ಸಂಪಾಜೆಯ ಆಚೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಸಂಪಾಜೆಯ ಈಚೆ ಸುಳ್ಯದವರಿಗೆ ಪರವಾನಗಿಯೂ ಬೇಕು, ಠಾಣೆಯ ದಾರಿಯೂ ಬೇಕು. ಕಾನೂನು ಬೇರೆ ಬೇರೆ, ಆದರೆ ಮಳೆ ಎರಡೂ ಕಡೆ ಒಂದೇ.

ಇನ್ನು ಇಪ್ಪತ್ತನೇ ಶತಮಾನ. ಹೊಗೆಯಿಲ್ಲದ ಮದ್ದು ಬಂತು. 1920ರ ದಶಕದ ಕೊನೆಗೆ ಉಪ್ಪು ಬಿಡದ ಕೇಪುಗಳೂ ಬಂದವು. ಇಂಥ ತೋಟೆ ಬಳಸುವ ಕೋವಿಗೆ ನೀರಿನ ಸ್ನಾನ ಬೇಡ. ಮಸಿ ಕರಗಿಸುವ ದ್ರಾವಣದಲ್ಲಿ ಒರೆಸಿ ಎಣ್ಣೆಯ ತೆಳು ಪದರ ಬಿಟ್ಟರೆ ಸಾಕು. ಅಮೆರಿಕದಲ್ಲಿ 1903ರ ಹಾಪೀಸ್ ನಂಬರ್ 9, ಜರ್ಮನಿಯಲ್ಲಿ ಅದೇ ಸುಮಾರಿಗೆ ಬಾಲಿಸ್ಟಾಲ್ ಹುಟ್ಟಿದವು. ಇನ್ನು ಎಲ್ಲರ ಕೈಯಲ್ಲಿರುವ ಡಬ್ಲ್ಯುಡಿ-40 ಬಂದದ್ದು 1953ರಲ್ಲಿ, ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲಿ ಅಂತ. ಅದರ ಹೆಸರೇ 'ನೀರು ಓಡಿಸುವುದು, 40ನೇ ಪ್ರಯತ್ನ' ಅಂತ. ತೇವ ಓಡಿಸಲಿಕ್ಕೆ ಬಹಳ ಒಳ್ಳೆಯದು. ಆದರೆ ಅದರಲ್ಲಿ ಹೆಚ್ಚಿನ ಭಾಗ ಆರಿಹೋಗುವ ದ್ರಾವಕ, ಉಳಿಯುವ ಪದರ ತೆಳು. ತಿಂಗಳುಗಟ್ಟಲೆ ಇಡಲಿಕ್ಕೆ ಅದೊಂದನ್ನೇ ನಂಬುವ ಹಾಗಿಲ್ಲ.

ಮದ್ದು ಬದಲಾದಾಗ ಆರೈಕೆ ಬದಲಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ವಿಯೆಟ್ನಾಂ ಯುದ್ಧ ನೋಡಿ. ಅಮೆರಿಕದ ಎಂ-16 ಕೋವಿಗೆ ಬೇರೆ ಮದ್ದು ತುಂಬಿದರು, ಮಸಿ ಹೆಚ್ಚಿತು. ಇದಕ್ಕೆ ಸ್ವಚ್ಛ ಮಾಡುವ ಅಗತ್ಯವೇ ಇಲ್ಲ ಅನ್ನುವ ಮಾತು ಹಬ್ಬಿ, ಎಷ್ಟೋ ಸೈನಿಕರಿಗೆ ಒರೆಸುವ ಸಲಾಕೆಯನ್ನೂ ಕೊಟ್ಟಿರಲಿಲ್ಲ. ಕಾಡಿನ ತೇವದಲ್ಲಿ ತೋಟೆಗಳು ಒಳಗೇ ಸಿಕ್ಕಿಕೊಂಡು ಜೀವಗಳು ಹೋದವು. 1967ರಲ್ಲಿ ಅವರ ಸಂಸತ್ತಿನ ಸಮಿತಿಯೇ ವಿಚಾರಣೆ ಮಾಡಬೇಕಾಯಿತು. ಜಗತ್ತಿನ ಅತಿ ಶ್ರೀಮಂತ ಸೈನ್ಯಕ್ಕೂ ಹೀಗಾಗುತ್ತದೆ!

ಸಾಫ್ಟ್‌ವೇರಿನಲ್ಲಿ ನಮಗೆ ದಿನಾ ಅನುಭವಕ್ಕೆ ಬರುವ ಒಂದು ಸಂಗತಿ ಇದೆ. ದೋಷ ಕಾಣಿಸುವ ಜಾಗವೇ ಬೇರೆ, ಹುಟ್ಟಿದ ಜಾಗವೇ ಬೇರೆ. ಕೋವಿಯ ತುಕ್ಕೂ ಹಾಗೆ. ಕಂಡದ್ದು ಠಾಣೆಯಿಂದ ತಂದ ದಿನ. ಆದರೆ ಕೊನೆಯ ಸಲ ಮಂಗ ಓಡಿಸಿ, ಮೇಲಿಂದ ಎಣ್ಣೆ ಸವರಿ ಮೂಲೆಗಿಟ್ಟ ದಿನವೇ ಅದರ ಬೀಜ ಬಿದ್ದಿರಬಹುದು. ಠಾಣೆಯ ಕೋಣೆಯ ತೇವವೂ ಸೇರಿದರೆ ಕೇಳುವುದೇ ಬೇಡ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕೋವಿ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಕೇಪು ತೆಗೆದ ಮಾತ್ರಕ್ಕೆ ಖಾಲಿ ಅಲ್ಲ, ನಳಿಗೆಯಲ್ಲಿ ಮದ್ದು ಇರಬಹುದು, ಸಲಾಕೆ ಇಳಿಸಿ ಆಳ ನೋಡಿ. ಕೇಪಿನ ಕೋವಿಯಾದರೆ ಕುದಿಯುವ ನೀರು, ಒಣಬಟ್ಟೆ, ಪೂರ್ತಿ ಆರಿದ ಮೇಲೆ ಎಣ್ಣೆ. ದಿನಬಳಕೆಗೆ ಹೊಲಿಗೆ ಮೆಷಿನಿನ ಎಣ್ಣೆಯಂಥ ತೆಳು ಕಲ್ಲೆಣ್ಣೆ ಸಾಕು. ಅದು ತೆಳು ಆದ್ದರಿಂದ ಇಳಿದುಹೋಗುತ್ತದೆ, ತಿಂಗಳುಗಟ್ಟಲೆ ಇಡುವುದಾದರೆ ದಪ್ಪಗೆ ನಿಲ್ಲುವ ತುಕ್ಕುನಿರೋಧಕ ಎಣ್ಣೆಯೋ ಗ್ರೀಸೋ ಬೇಕು. ಬಾಯಿ ಕೆಳಗೆ ಮಾಡಿ ಇಟ್ಟರೆ ಎಣ್ಣೆ ಹರಿದು ಮರದ ಹಿಡಿಗೆ ಇಂಗುವುದಿಲ್ಲ. ಚರ್ಮದ ಚೀಲ, ಪ್ಲಾಸ್ಟಿಕ್, ಒದ್ದೆ ಬಟ್ಟೆ ಎಲ್ಲ ತೇವ ಹಿಡಿದಿಡುತ್ತವೆ, ಅದರಲ್ಲಿ ಸುತ್ತಿಡಬೇಡಿ. ವಾಪಸ್ಸು ತಂದ ಮೇಲೆ ನಳಿಗೆಯ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯದೆ ಗುಂಡು ಹೊಡೆಯಲೇಬಾರದು. ದಪ್ಪ ಗ್ರೀಸು ಉಳಿದ ಹಳೇ ನಳಿಗೆ ಒಡೆದರೆ ಮೊದಲು ಪೆಟ್ಟಾಗುವುದು ಹಿಡಿದವರ ಕೈಗೆ ಮತ್ತು ಕಣ್ಣಿಗೆ. ನಳಿಗೆಯೊಳಗೆ ತುಕ್ಕಿನ ಗುಳಿ ಬಿದ್ದಿದ್ದರೂ ಅಷ್ಟೇ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಮುಟ್ಟಬೇಡಿ.

ಎಣ್ಣೆಯ ಹೆಸರು ಕೇಳುವ ಮೊದಲು "ಇದಕ್ಕೆ ಯಾವ ಮದ್ದು, ಯಾವ ಕೇಪು?" ಅಂತ ಕೇಳಬೇಕು. ಇನ್ನೂರು ವರ್ಷದ ಚರಿತ್ರೆ ಹೇಳುವುದು ಇಷ್ಟೇ. ಮುಂದಿನ ಸಲ ಚುನಾವಣೆ ಘೋಷಣೆಯಾದಾಗ ಅಂಗಡಿಗೆ ಓಡುವ ಮೊದಲು, ಬಚ್ಚಲೊಲೆಯ ಮೇಲೆ ಒಂದು ಹಂಡೆ ನೀರು ಇಡಿ :)